ಮುಳುಗಿದ ಸೂರ್ಯನಿಗೆ ಅರ್ಘ್ಯ

ನನ್ನ ಬಾಯಿ ನನ್ನ ಹಿಡಿತದಲ್ಲಿಲ್ಲ. ಇದನ್ನು ಮೊದಲು ಹೇಳಿದವಳು ಅಮ್ಮ, ಆಮೇಲೆ ನಮ್ಮ ಪ್ರಿನ್ಸಿಪಾಲರು, ಆಮೇಲೆ ನನ್ನನ್ನು ನೋಡಲು ಬಂದು ಉಪ್ಪಿಟ್ಟು ತಿಂದು ಕಾಫಿ ಕುಡಿದು ಎದ್ದುಹೋದ ಎರಡು ಮೂರು ಗಂಡಿನ ಕಡೆಯವರು. ಪಿಯು ಹುಡುಗರಿಗೆ ಇಪ್ಪತ್ತಾರು ವರ್ಷದಿಂದ ಭೌತಶಾಸ್ತ್ರ ಹೇಳಿಕೊಡುತ್ತಿದ್ದೇನೆ, ತಪ್ಪು ಕಂಡ ಕಡೆ ತಿದ್ದುವ ಚಟ ಹತ್ತಿಕೊಂಡಿದೆ. ಮದುವೆಯಾಗಲಿಲ್ಲ, ಅಪ್ಪ ಅಮ್ಮನ ಜೊತೆಗೇ ಉಳಿದೆ, ಅದರ ಬಗ್ಗೆ ನನಗೆ ಬೇಸರವೇನೂ ಇಲ್ಲ. ಬೇಸರವಿರುವುದು ಒಂದೇ ಒಂದು ಮಾತಿನ ಬಗ್ಗೆ. ಒಂದು ಸಂಜೆ ಸಮುದ್ರದ ದಂಡೆಯಲ್ಲಿ ಅಪ್ಪನಿಗೆ ಹೇಳಿದ ಮಾತು ಅದು. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಬರುತ್ತಿತ್ತು.

ನಮ್ಮ ಮನೆ ಮೈಸೂರಿನ ಹಿನಕಲ್ಲಿನ ಹತ್ತಿರ. ಅಪ್ಪ ಸೈಟು ಕೊಂಡ ಕಾಲಕ್ಕೆ ಪಡುವಣ ದಿಕ್ಕಿಗೆ ಬರೀ ರಾಗಿ ಹೊಲ, ನಡುವೆ ಒಂದೆರಡು ಹುಣಸೆ ಮರ. ಅದನ್ನು ನೋಡಿಯೇ ಅಪ್ಪ ಆ ಸೈಟು ಆರಿಸಿದ್ದು, ಸೂರ್ಯ ಮುಳುಗುವುದು ತಾರಸಿಯಿಂದ ಚೆನ್ನಾಗಿ ಕಾಣುತ್ತದೆ ಅಂತ. ಈಗ ಅಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಎರಡು ಕಟ್ಟಡಗಳ ನಡುವೆ ಒಂದು ಸಂದಿ ಉಳಿದಿದೆ, ವರ್ಷದಲ್ಲಿ ಕೆಲವು ತಿಂಗಳು ಸೂರ್ಯ ಆ ಸಂದಿಯಲ್ಲಿ ಇಳಿಯುತ್ತಾನೆ. ಆ ತಿಂಗಳುಗಳಲ್ಲಿ ಅಪ್ಪ ಖುಷಿಯಾಗಿರುತ್ತಿದ್ದರು. ಉಳಿದ ತಿಂಗಳು ಗಡಿಯಾರ ನೋಡಿಕೊಂಡು, ಆಕಾಶದ ಬಣ್ಣ ನೋಡಿಕೊಂಡು, ಬಿಲ್ಡರುಗಳನ್ನು ಬೈದುಕೊಂಡು ಕೆಲಸ ಮುಗಿಸುತ್ತಿದ್ದರು.

ಕೆಲಸವೆಂದರೆ ಸಂಜೆಯ ಸಂಧ್ಯಾವಂದನೆ. ಉಪನಯನವಾದ ದಿನದಿಂದ ಅಪ್ಪ ಅದನ್ನು ಬಿಟ್ಟವರಲ್ಲ. ಪಡುವಣಕ್ಕೆ ಮುಖ ಮಾಡಿ ಕೂತು ಸೂರ್ಯನಿಗೆ ಮೂರು ಬೊಗಸೆ ನೀರು ಕೊಡಬೇಕು, ಅದೇ ಅರ್ಘ್ಯ. ಅದಕ್ಕೆ ಹೊತ್ತಿನ ಕಟ್ಟುನಿಟ್ಟು ಉಂಟು. ಸೂರ್ಯ ಇನ್ನೂ ಇರುವಾಗ ಕೊಟ್ಟರೆ ಉತ್ತಮ, ಮುಳುಗಿದ ಮೇಲೆ ಕೊಟ್ಟರೆ ಮಧ್ಯಮ, ನಕ್ಷತ್ರ ಮೂಡಿದ ಮೇಲೆ ಕೊಟ್ಟರೆ ಅಧಮ. ಹೊತ್ತು ಮೀರಿದರೆ ಪ್ರಾಯಶ್ಚಿತ್ತವಾಗಿ ನಾಲ್ಕನೆಯದೊಂದು ಅರ್ಘ್ಯ ಕೊಡಬೇಕು. ತಾವು ನಾಲ್ಕನೆಯದನ್ನು ಕೊಟ್ಟ ಸಂಜೆಗಳನ್ನು ಬೆರಳಲ್ಲಿ ಎಣಿಸಬಹುದು ಅಂತ ಅಪ್ಪ ಆಗಾಗ ಹೇಳುತ್ತಿದ್ದರು. ಜಂಬದ ಮನುಷ್ಯನಲ್ಲ ಅವರು, ಇದೊಂದರಲ್ಲಿ ಮಾತ್ರ ಸ್ವಲ್ಪ ಜಂಬ.

ಜಂಬ ಪಡಬೇಕಾದ್ದೇ. ಯಾಕೆಂದರೆ ಅಪ್ಪ ಮೂವತ್ತು ವರ್ಷ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ದುಡಿದವರು. ತಯಾರಾದ ಬಿಡಿಭಾಗಗಳ ಅಳತೆ ನೋಡಿ ಪಾಸು ಮಾಡುವ, ಇಲ್ಲವೇ ವಾಪಸು ಕಳಿಸುವ ಕೆಲಸ. ಎರಡನೇ ಶಿಫ್ಟು ಬಿದ್ದ ವಾರ ಸೂರ್ಯ ಮುಳುಗುವ ಹೊತ್ತಿಗೆ ಅವರು ಮೈಕ್ರೋಮೀಟರ್ ಹಿಡಿದು ಕೂತಿರಬೇಕಾಗಿತ್ತು. ಅಪ್ಪ ಟೀ ಬ್ರೇಕನ್ನು ಆ ಹೊತ್ತಿಗೆ ಹೊಂದಿಸಿಕೊಂಡು, ಕ್ಯಾಂಟೀನಿನ ಹಿಂದಿನ ನಲ್ಲಿಯ ಹತ್ತಿರ ಸ್ಟೀಲ್ ಲೋಟ ಇಟ್ಟುಕೊಂಡು ಕೂರುತ್ತಿದ್ದರು. ಎದುರಿಗೆ ಕಾಂಪೌಂಡು ಗೋಡೆ, ಸೂರ್ಯ ಕಾಣುತ್ತಿರಲಿಲ್ಲ. ಅದಕ್ಕೂ ಒಂದು ಏರ್ಪಾಟಿತ್ತು. ಅದೇ ವಿಭಾಗದಲ್ಲಿ ಉದಯಗಿರಿಯ ಕಡೆಯ ಒಬ್ಬರು ಇದ್ದರು, ಅಪ್ಪ ಅವರನ್ನು ಭಾಯ್ ಅನ್ನುತ್ತಿದ್ದರು, ಅವರು ಅಪ್ಪನನ್ನು ಸ್ವಾಮಿ ಅನ್ನುತ್ತಿದ್ದರು. ಅವರ ಸಂಜೆಯ ನಮಾಜು ಶುರುವಾಗುವುದು ಸೂರ್ಯ ಮುಳುಗಿದ ಮೇಲೆ, ಅಪ್ಪನದು ಮುಗಿಯಬೇಕಾದ್ದು ಮುಳುಗುವ ಮುಂಚೆ. ಹಾಗಾಗಿ ಇಬ್ಬರಿಗೂ ಅದೇ ಸೂರ್ಯನ ಮೇಲೆ ಕಣ್ಣು. ಭಾಯ್ ಖಾಲಿ ಡ್ರಮ್ಮಿನ ಮೇಲೆ ಹತ್ತಿ ಗೋಡೆಯಾಚೆ ನೋಡುತ್ತಾ, "ಇನ್ನೂ ಐತೆ ಸ್ವಾಮಿ, ನಿಧಾನಕ್ಕೆ ಮಾಡ್ಕಳಿ" ಅನ್ನುತ್ತಿದ್ದರಂತೆ. ಅಪ್ಪ ಮುಗಿಸಿ ಎದ್ದ ಮೇಲೆ ಅವರು ಇಳಿದು ಕೈಕಾಲು ತೊಳೆಯಲು ಹೋಗುತ್ತಿದ್ದರು. ರಿಟೈರಾದ ಮೇಲೂ ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ನಮ್ಮ ಮನೆಗೆ ಬರುವುದನ್ನು ಅವರು ತಪ್ಪಿಸಲಿಲ್ಲ.

ಇಷ್ಟೆಲ್ಲ ಗೋಡೆ, ಸಂದಿ, ಡ್ರಮ್ಮಿನ ನಡುವೆ ಜೀವನ ಕಳೆದ ಅಪ್ಪನಿಗೆ ಒಂದು ಆಸೆಯಿತ್ತು. ಅಡ್ಡ ಏನೂ ಇಲ್ಲದ ಕಡೆ ಕೂತು, ಪೂರ್ತಿ ಸೂರ್ಯನನ್ನು ಕಣ್ಣಲ್ಲಿ ನೋಡುತ್ತಾ ಒಂದು ಸಲ ಅರ್ಘ್ಯ ಕೊಡಬೇಕು. ಸಮುದ್ರವನ್ನು ಅವರು ನೋಡಿಲ್ಲವೆಂದಲ್ಲ, ನೋಡಿದ್ದಾಗಲೆಲ್ಲ ಮೂಡಲ ಸಮುದ್ರ, ಇಲ್ಲವೇ ಮೋಡ. ಅವರ ಮದುವೆಯಾಗಿ ಐವತ್ತು ವರ್ಷ ತುಂಬಿದ ಜನವರಿಯಲ್ಲಿ, ಸಂಕ್ರಾಂತಿ ಮುಗಿಸಿಕೊಂಡು, ಇಬ್ಬರನ್ನೂ ನಾನು ಉಡುಪಿಗೆ ಕರೆದುಕೊಂಡು ಹೋದೆ. ದೇವರ ದರ್ಶನ ಮಧ್ಯಾಹ್ನವೇ ಆಯಿತು. ಸಂಜೆ ಮಲ್ಪೆಯಿಂದ ಸ್ವಲ್ಪ ದೂರದಲ್ಲಿ, ಜನ ಕಡಿಮೆ ಇದ್ದ ದಂಡೆಗೆ ಆಟೋದಲ್ಲಿ ಹೋದೆವು.

ಅಪ್ಪ ಬಟ್ಟೆ ಚೀಲದಿಂದ ಪಂಚಪಾತ್ರೆ, ತಟ್ಟೆ, ಒಂದು ಬಾಟಲಿ ನೀರು ತೆಗೆದು ಮರಳಿನ ಮೇಲೆ ಜೋಡಿಸಿಕೊಂಡರು.

"ಅಲ್ರೀ, ಇಷ್ಟು ದೊಡ್ಡ ಸಮುದ್ರ ಎದುರಿಗೇ ಇದೆ, ರೂಮಿಂದ ಬಾಟ್ಲಿ ನೀರು ಹೊತ್ಕೊಂಡು ಬಂದಿದ್ದೀರಲ್ಲ" ಅಂದಳು ಅಮ್ಮ. ಅವಳು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಸೀರೆ ಒಂದಿಷ್ಟು ಎತ್ತಿಕೊಂಡು, ಅಲೆ ಬಂದಾಗ ಹಿಂದೆ ಹೋಗಿ, ಅಲೆ ಹೋದಾಗ ಮುಂದೆ ಬಂದು ಆಡುತ್ತಿದ್ದಳು.

"ಪರ್ವಕಾಲ ಅಲ್ಲದೆ ಸಮುದ್ರ ಮುಟ್ಟಬಾರದು ಕಣೇ."

"ನಾನು ಆಗ್ಲೇ ಮೊಣಕಾಲುವರೆಗೆ ಮುಟ್ಟಿ ಆಯ್ತು" ಅಂದಳು ಅಮ್ಮ.

ಅಪ್ಪ ಆಚಮನ ಮಾಡಿ ಶುರು ಮಾಡಿದರು. ಎಷ್ಟು ಹೊತ್ತಿಗೆ ಶುರು ಮಾಡಿದರೆ ಅರ್ಘ್ಯದ ಹೊತ್ತಿಗೆ ಸೂರ್ಯ ನೀರಿಗೆ ತಾಗಿರುತ್ತಾನೆ ಅನ್ನುವ ಅಂದಾಜು ಅವರಿಗೆ ಪಕ್ಕಾ. ನಾನು ಅವರ ಬಲಕ್ಕೆ ಕೂತು ನೋಡುತ್ತಿದ್ದೆ. ಸೂರ್ಯ ಇಳಿಯುತ್ತಾ ಇಳಿಯುತ್ತಾ ಮೇಲೂ ಕೆಳಗೂ ಒತ್ತಿದ ಹಾಗೆ ಚಪ್ಪಟೆಯಾದ. ಇನ್ನೇನು ನೀರಿಗೆ ತಾಗಬೇಕು, ಅಷ್ಟರಲ್ಲಿ ಸಮುದ್ರದ ಗೆರೆಯ ಮೇಲೆ ಕೆಂಪಗೆ ಏನೋ ಉಬ್ಬಿತು. ಅದು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತಾ ಬಂದು ಸೂರ್ಯನಿಗೆ ಅಂಟಿಕೊಂಡಿತು. ನೋಡಿದರೆ ಪೀಠದ ಮೇಲೆ ಕಳಶ ಕೂರಿಸಿದ ಹಾಗೆ ಕಾಣುತ್ತಿತ್ತು. ಆ ಚಿತ್ರವನ್ನು ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದೆ, ಕಣ್ಣಾರೆ ನೋಡಿದ್ದು ಅದೇ ಮೊದಲು. ಮೈ ಝುಮ್ಮೆಂದಿತು.

ಅಪ್ಪ ಎರಡೂ ಕೈ ಸೇರಿಸಿ ನೀರು ಹಿಡಿದಿದ್ದರು. ಮಂತ್ರದ ನಡುವೆ ಅವರು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅವತ್ತು ಮಾತಾಡಿದರು.

"ಇದೇನೇ ಇದು, ಕೆಳಗಿಂದ ಇನ್ನೊಬ್ಬ ಬರ್ತಿದ್ದಾನಲ್ಲ?"

"ಅದು ಮರೀಚಿಕೆ ಅಪ್ಪ" ಅಂದೆ. ಇಂಥ ಪ್ರಶ್ನೆಯನ್ನು ನನ್ನ ಹುಡುಗರ್‍ಯಾರೂ ಕೇಳುವುದಿಲ್ಲ, ನನಗೆ ಉತ್ಸಾಹ ತಡೆಯಲಾಗಲಿಲ್ಲ. "ನೀರಿಗೆ ತಾಗಿರೋ ಗಾಳಿ ಬೆಚ್ಚಗಿದೆ, ಅದರ ಮೇಲಿನದು ತಣ್ಣಗಿದೆ. ಅಲ್ಲಿ ಬೆಳಕು ಬಗ್ಗಿ ಮೇಲಕ್ಕೆ ತಿರುಗಿ ನಮ್ಮ ಕಣ್ಣಿಗೆ ಬರುತ್ತೆ. ಅದಕ್ಕೇ ಸೂರ್ಯನ ಕೆಳಗೆ ಅವನದೇ ತಲೆಕೆಳಗಾದ ಬಿಂಬ. ಬೇಸಿಗೇಲಿ ರಿಂಗ್ ರೋಡಲ್ಲಿ ದೂರಕ್ಕೆ ನೀರು ನಿಂತ ಹಾಗೆ ಕಾಣಲ್ವಾ, ಅದೇ ಇದು."

"ಸರಿ. ಹಂಗಾದ್ರೆ ಮೇಲಿನವನು ನಿಜ, ಕೆಳಗಿನವನು ಸುಳ್ಳು" ಅಂದರು ಅಪ್ಪ, ಸಮಾಧಾನವಾದವರಂತೆ.

ಹೌದು ಅಪ್ಪ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರು ಮೂರು ಅರ್ಘ್ಯ ಕೊಡುತ್ತಿದ್ದರು, ನಾವು ಎದ್ದು ಗೋಳಿಬಜೆ ತಿನ್ನಲು ಹೋಗುತ್ತಿದ್ದೆವು. ನಾನು ಅಂದೆ: "ಮೇಲಿನವನೂ ಅಲ್ಲಿಲ್ಲ ಅಪ್ಪ. ಅವನು ಆಗ್ಲೇ ಮುಳುಗಿದ್ದಾನೆ. ದಿಗಂತದ ಹತ್ತಿರ ಬಂದಾಗ ಗಾಳಿ ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅಂದ್ರೆ, ಪೂರ್ತಿ ಕೆಳಗೆ ಹೋದವನನ್ನೂ ಎತ್ತಿ ತೋರಿಸುತ್ತೆ. ಎರಡು ನಿಮಿಷದ ಮೇಲೆ ವ್ಯತ್ಯಾಸ. ನೀವು ನೋಡ್ತಿರೋದು ಇಲ್ಲದಿರೋ ಸೂರ್ಯನ್ನ."

ಅಪ್ಪ ನನ್ನ ಕಡೆ ತಿರುಗಿದರು. "ಇವತ್ತು ಮಾತ್ರನಾ, ಇಲ್ಲಿ ಮಾತ್ರನಾ?"

"ದಿನಾ. ಎಲ್ಲ ಕಡೆ. ಮೈಸೂರಲ್ಲೂ."

ಅವರ ಬೊಗಸೆಯಲ್ಲಿದ್ದ ನೀರು ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಾ ಪೂರ್ತಿ ಖಾಲಿಯಾಯಿತು. ಅಷ್ಟರಲ್ಲಿ ಮೇಲಿನವನೂ ಕೆಳಗಿನವನೂ ಒಂದು ಕೆಂಪು ಗೆರೆಯಾಗಿ ಮಾಯವಾದರು. ಅಪ್ಪ ಮತ್ತೆ ನೀರು ತುಂಬಿಕೊಂಡು ಅರ್ಘ್ಯ ಕೊಟ್ಟರು. ನಾಲ್ಕು ಸಲ ಕೊಟ್ಟರು. ಅಲೆಯ ಹತ್ತಿರ ನಿಂತಿದ್ದ ಅಮ್ಮ ಅದನ್ನು ಎಣಿಸಿದ್ದಳು ಅಂತ ನನಗೆ ಆಮೇಲೆ ಗೊತ್ತಾಯಿತು.

ಮಾರನೆಯ ಬೆಳಗ್ಗೆ ಅಮ್ಮನೂ ನಾನೂ ಮತ್ತೆ ಸಮುದ್ರಕ್ಕೆ ಹೋದೆವು. ಗಾಳಿ ತಣ್ಣಗಿತ್ತು, ಸಮುದ್ರದ ಮೇಲೆ ಇನ್ನಷ್ಟು ಮೋಜು ನಡೆದಿತ್ತು. ದೂರದ ದ್ವೀಪದ ಎರಡೂ ತುದಿಗಳು ನೀರಿನಿಂದ ಮೇಲೆದ್ದು, ತಟ್ಟೆಯ ಅಂಚಿನ ಹಾಗೆ ಗಾಳಿಯಲ್ಲಿ ಚಾಚಿಕೊಂಡಿದ್ದವು. ಮೀನಿನ ದೋಣಿಗಳು ನೀರನ್ನು ಮುಟ್ಟದೆ ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತ ಹಾಗಿತ್ತು, ಒಂದೊಂದು ದೋಣಿಯ ಕೆಳಗೂ ಬೋರಲು ಬಿದ್ದ ಇನ್ನೊಂದು ದೋಣಿ. ಅಮ್ಮನಿಗೆ ಅದರ ಕಾರಣ ಬೇಕಿರಲಿಲ್ಲ. "ಎಷ್ಟು ಚೆನ್ನಾಗಿ ತೂಗಾಡ್ತಿದೆ ನೋಡೇ" ಅಂತ ಒಂದು ಗಂಟೆ ನಿಂತು ನೋಡಿದಳು. ನಾನು ವಿವರಿಸಲು ಹೊರಟಾಗ, "ಸ್ವಲ್ಪ ಹೊತ್ತು ಸುಮ್ನಿರು, ನೋಡಿಬಿಡ್ತೀನಿ, ಆಮೇಲೆ ಹೇಳು" ಅಂದಳು. ಅಪ್ಪ ಜೊತೆಗೆ ಬಂದಿದ್ದರೂ ಸಮುದ್ರಕ್ಕೆ ಬೆನ್ನು ಹಾಕಿ, ತೆಂಗಿನ ತೋಟದ ಮೇಲೆ ಏರುತ್ತಿದ್ದ ಸೂರ್ಯನನ್ನು ನೋಡುತ್ತಾ ಕೂತಿದ್ದರು.

"ಬೆಳಗ್ಗೆಯೂ ಹಂಗೇನಾ?" ಅಂತ ಕೇಳಿದರು.

"ಬೆಳಗ್ಗೆ ಹುಟ್ಟೋಕೆ ಎರಡು ನಿಮಿಷ ಮುಂಚೆಯೇ ಕಾಣ್ತಾನೆ."

"ಬೆಳಗಿನ ಅರ್ಘ್ಯ ಹುಟ್ಟೋಕೆ ಮುಂಚೆ ಕೊಡೋದು. ಹಂಗಾದ್ರೆ ಅದಕ್ಕೆ ತೊಂದರೆ ಇಲ್ಲ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮೈಸೂರಿಗೆ ಬಂದ ಮೇಲೆ ಅಪ್ಪ ಇದನ್ನು ಕಾರ್ಖಾನೆಯ ಕ್ರಮದಲ್ಲೇ ಬಗೆಹರಿಸಲು ನೋಡಿದರು. ಅಳತೆಯಲ್ಲಿ ತಪ್ಪಿದೆ, ಎಷ್ಟು ತಪ್ಪಿದೆ ಅಂತ ತಿಳಿದರೆ ತಿದ್ದಿಕೊಂಡರಾಯಿತು. "ಸರಿಯಾಗಿ ಎಷ್ಟು ಹೊತ್ತು ಅಂತ ಹೇಳು, ಅಷ್ಟು ಮುಂಚೆ ಕೂರ್ತೀನಿ" ಅಂದರು. ಸರಿಯಾಗಿ ಹೇಳಲು ಬರುವುದಿಲ್ಲ ಅಂದೆ. ಸೆಕೆಯಿದ್ದ ದಿನ ಒಂದು, ಚಳಿಯಿದ್ದ ದಿನ ಒಂದು, ಗಾಳಿಯ ಒತ್ತಡ ಬದಲಾದರೆ ಮತ್ತೊಂದು, ಅಂದಾಜು ಎರಡು ನಿಮಿಷ ಅಂತ ಇಟ್ಟುಕೊಳ್ಳಿ ಅಂದೆ. ಜೀವನವಿಡೀ ಕೂದಲೆಳೆಯ ವ್ಯತ್ಯಾಸಕ್ಕೆ ಮಾಲು ವಾಪಸು ಕಳಿಸಿದ ಮನುಷ್ಯನಿಗೆ ಅಂದಾಜು ಅನ್ನುವ ಮಾತೇ ಸೇರುತ್ತಿರಲಿಲ್ಲ.

ಒಂದು ದಿನ ಖುಷಿಯಾಗಿ ಬಂದರು. ಪಂಚಾಂಗದಲ್ಲಿ ಕೊಟ್ಟ ಸೂರ್ಯಾಸ್ತಕ್ಕೂ ಪತ್ರಿಕೆಯಲ್ಲಿ ಬಂದ ಸೂರ್ಯಾಸ್ತಕ್ಕೂ ಕೆಲವು ನಿಮಿಷ ವ್ಯತ್ಯಾಸವಿದೆ, ಪಂಚಾಂಗದ್ದೇ ಮುಂಚೆ. "ನೋಡು, ಹಿರಿಯರಿಗೆ ನಿನ್ನ ಮರೀಚಿಕೆ ಎಲ್ಲ ಗೊತ್ತಿತ್ತು. ಅದನ್ನ ಕಳೆದೇ ಲೆಕ್ಕ ಹಾಕಿದ್ದಾರೆ" ಅಂದರು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡು ತಲೆಯಾಡಿಸಬಹುದಿತ್ತು. "ಕಳೆದಿಲ್ಲ ಅಪ್ಪ, ಅದನ್ನ ಅವರು ಲೆಕ್ಕಕ್ಕೇ ತಗೊಂಡಿಲ್ಲ, ಅದಕ್ಕೇ ಮುಂಚೆ ಬಂದಿದೆ" ಅಂದೆ. ಆದರೂ ಒಂದು ವಾರ ಪಂಚಾಂಗದ ಹೊತ್ತಿಗೇ ಕೂತು ನೋಡಿದರು. ಆಗ ಸೂರ್ಯ ಸಂದಿಯಲ್ಲಿ ಇಳಿಯುವ ತಿಂಗಳು. ಮುಳುಗಿದ ಹೊತ್ತು ಅಂತ ಪಂಚಾಂಗ ಹೇಳುವಾಗ ಅವನು ಎದುರಿಗೇ ಕೆಂಪಗೆ ಕೂತಿರುತ್ತಿದ್ದ.

"ಕಣ್ಣೆದುರಿಗೆ ಇರೋನನ್ನ ಇಲ್ಲ ಅಂದ್ಕೊಂಡು ಕೂರಬೇಕು. ಇಲ್ಲದೋನನ್ನ ಇದ್ದಾನೆ ಅಂದ್ಕೊಂಡು ಕೊಡಬೇಕು. ಎರಡೂ ಆಗ್ತಿಲ್ಲ ಕಣಮ್ಮ" ಅಂದರು.

ಭಾಯ್ ಬಂದಾಗ ಅಮ್ಮ ಅವರ ಹತ್ತಿರ ದೂರು ಹೇಳಿದಳು. ಅವರು ಎಲ್ಲ ಕೇಳಿಸಿಕೊಂಡು ನಕ್ಕರು. "ಸ್ವಾಮಿ, ನಾವು ರೋಜಾ ಉಪವಾಸ ಬಿಡೋದೂ ಅದೇ ಸೂರ್ಯನ್ನ ನೋಡ್ಕಂಡೇ. ಕಣ್ಣಿಗೆ ಕಾಣೋವರ್ಗೂ ಅವ್ನೆ ಅಂತ ಲೆಕ್ಕ. ಕಣ್ಣು ಕೊಟ್ಟೋನಿಗೆ ಇದು ಗೊತ್ತಿರಲ್ವಾ?"

"ನಿಮ್ಮದು ಮುಳುಗಿದ ಮೇಲೆ ಭಾಯ್" ಅಂದರು ಅಪ್ಪ. "ಎರಡು ನಿಮಿಷ ಹೆಚ್ಚಾದ್ರೆ ನಿಮಗೇನೂ ಆಗಲ್ಲ. ನಂದು ಮುಳುಗೋಕೆ ಮುಂಚೆ ಆಗಬೇಕು."

ಭಾಯ್ ನನ್ನ ಕಡೆ ನೋಡಿದರು. ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಹೋಳಿ ಹುಣ್ಣಿಮೆ ಕಳೆದ ಮೇಲೆ ಒಂದು ಸಂಜೆ ಕಾಲೇಜಿನಿಂದ ಬಂದಾಗ ಅಪ್ಪ ನಡುಮನೆಯಲ್ಲಿ ಟೀವಿ ಮುಂದೆ ಕೂತಿದ್ದರು. ಆರೂಕಾಲಾಗಿತ್ತು. ಆ ಹೊತ್ತಿನಲ್ಲಿ ಅವರನ್ನು ಆ ಕುರ್ಚಿಯಲ್ಲಿ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೈ ಹುಷಾರಿಲ್ಲವೇ ಅಂತ ಕೇಳಿದೆ. ಚೆನ್ನಾಗಿದ್ದೀನಿ ಅಂದರು. ಮಾರನೆಯ ದಿನವೂ ಅಲ್ಲೇ ಕೂತಿದ್ದರು. ಬೆಳಗಿನ ಸಂಧ್ಯಾವಂದನೆ ನಡೆಯುತ್ತಿತ್ತು, ಸಂಜೆಯದು ನಿಂತುಹೋಯಿತು.

ಅವರು ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಸಿಟ್ಟಿನ ಬದಲು ಎದುರು ಮನೆಯವರಿಗೆಲ್ಲ ನನ್ನ ಮಾತನ್ನೇ ಹೆಮ್ಮೆಯಿಂದ ಹೇಳುತ್ತಿದ್ದರು. ನಮ್ಮ ಮಗಳು ಹೇಳಿದಳು, ಸಂಜೆ ಕಾಣುವ ಸೂರ್ಯ ಸೂರ್ಯನಲ್ಲವಂತೆ. ಅದನ್ನು ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಒಂದು ಸಲ ಹತ್ತಿರ ಕೂತು, "ಅಪ್ಪ, ನಾನು ಹೇಳಿದ್ದು ಬರೀ ಪುಸ್ತಕದ ಮಾತು, ಬಿಟ್ಟುಬಿಡಿ" ಅಂದೆ.

"ಸುಳ್ಳಾ ಅದು?"

"ಸುಳ್ಳಲ್ಲ."

"ಮತ್ತೆ?" ಅಂದರು ಅಪ್ಪ, ನಿಜವಾಗಿಯೂ ತಿಳಿಯದವರಂತೆ.

ಅಮ್ಮ ಮಾತ್ರ ನನಗೆ ಚೆನ್ನಾಗಿ ಬೈದಳು. ಪಾಠ ಮಾಡೋಕೆ ಕಾಲೇಜು ಸಾಲದಾ ನಿನಗೆ, ಅಪ್ಪನೇ ಬೇಕಾಯ್ತಾ ಅಂದಳು. ಐವತ್ತು ವರ್ಷದಿಂದ ಅವಳ ಸಂಜೆ ಅಪ್ಪನ ಸಂಜೆಗೆ ಗಂಟು ಹಾಕಿಕೊಂಡಿತ್ತು. ಅವರು ತಾರಸಿಗೆ ಹತ್ತಿದಾಗ ದೀಪ ಹಚ್ಚುವಳು, ಅವರು ಇಳಿಯುವಷ್ಟರಲ್ಲಿ ಹೂ ಕಟ್ಟಿ ಮುಗಿಸುವಳು. ಈಗ ಆ ಅರ್ಧ ಗಂಟೆ ಅಪ್ಪ ಅವಳ ಕಾಲಿಗೆ ತೊಡರುತ್ತಾ ಡಬ್ಬಿಗಳ ಮುಚ್ಚಳ ತೆಗೆದು ನೋಡುವುದು, ಫ್ಯಾನು ಹಾಕುವುದು, ಆರಿಸುವುದು. ಅಮ್ಮ ಉಪಾಯ ಮಾಡಿದಳು. "ಮೇಲೆ ಬಟ್ಟೆ ಒಣಗಿದೆಯಾ ನೋಡಿ ಹೋಗಿ" ಅನ್ನುವಳು, ಅವರು ಹೋಗಿ ಬಟ್ಟೆ ತಂದು ಮತ್ತೆ ಕುರ್ಚಿಯಲ್ಲಿ ಕೂರುವರು. ಕೊನೆಗೆ ಉಪಾಯ ಬಿಟ್ಟು ನೇರವಾಗಿ ಕೇಳತೊಡಗಿದಳು. ದಿನಾ ಆ ಹೊತ್ತಿಗೆ ಒಂದೇ ಮಾತು: "ಸುಮ್ಮನೆ ಮೇಲೆ ಹೋಗಿ ಕೂತು ಬನ್ನಿ." ಅಪ್ಪ ನಾಳೆ ಅನ್ನುವರು.

ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಅಮ್ಮ ನನಗೆ ಹೇಳಿದಳು: "ಆ ನೀರು ಸೂರ್ಯನಿಗೆ ಹೋಗ್ತಿತ್ತೋ ಇಲ್ವೋ ನಂಗೊತ್ತಿಲ್ಲ ಕಣೇ. ನಾನು ಒಂದು ದಿನವೂ ಕೇಳಿಲ್ಲ. ಆದ್ರೆ ಕಾರ್ಖಾನೇಲಿ ಏನೇ ಆಗಿರಲಿ, ಮನೇಲಿ ಏನೇ ಆಗಿರಲಿ, ಮೇಲಿಂದ ಇಳಿದು ಬಂದಾಗ ಅವರ ಮುಖ ತಿಳಿಯಾಗಿರ್ತಿತ್ತು. ನಂಗೆ ಅಷ್ಟೇ ಬೇಕಾಗಿದ್ದು." ಆ ಮಾತು ಕೇಳಿದ ಮೇಲೆ, ಅಪ್ಪ ಮತ್ತೆ ತಾರಸಿ ಹತ್ತುವವರೆಗೆ ನನಗೂ ನೆಮ್ಮದಿಯಿಲ್ಲ ಅಂತ ಗೊತ್ತಾಯಿತು. ಹತ್ತಿಸುವುದು ಹೇಗೆ ಅಂತ ಮಾತ್ರ ಗೊತ್ತಾಗಲಿಲ್ಲ. ಹೇಳಿದ್ದು ಸುಳ್ಳಾಗಿದ್ದರೆ ತಿದ್ದಬಹುದಿತ್ತು.

ಆಷಾಢದಲ್ಲಿ ಅಮ್ಮ ಹೋದಳು. ಶುಕ್ರವಾರ, ದೇವಿ ದರ್ಶನಕ್ಕೆ ಬೆಟ್ಟಕ್ಕೆ ಹೋಗಬೇಕು ಅಂತ ಬೆಳಗ್ಗೆಯೇ ಸ್ನಾನ ಮಾಡಿ, ಸೀರೆ ಉಟ್ಟು, ಬಸ್ಸಿನಲ್ಲಿ ನೂಕುನುಗ್ಗಲು ಇರುತ್ತೆ ಅಂತ ನನ್ನನ್ನು ಅವಸರ ಮಾಡುತ್ತಿದ್ದವಳು, ಎದೆ ಹಿಡಿದುಕೊಂಡ ಹಾಗಿದೆ ಅಂತ ಕೂತಳು. ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಪ್ಪ ಮತ್ತೆ ತಾರಸಿ ಹತ್ತಿದ್ದನ್ನು ಅವಳು ನೋಡಲಿಲ್ಲ. ಅದನ್ನು ಇಲ್ಲಿ ಬರೆಯುವಾಗಲೂ ನನಗೆ ಕಷ್ಟವಾಗುತ್ತಿದೆ.

ಗಂಡು ಮಕ್ಕಳಿಲ್ಲದ ಮನೆ, ಅಪ್ಪನೇ ಕರ್ಮ ಮಾಡಿದರು. ಪಶ್ಚಿಮವಾಹಿನಿಯಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ಒದ್ದೆ ಪಂಚೆಯಲ್ಲಿ ಕೂತು, ಪುರೋಹಿತರು ಹೇಳಿದಂತೆ ಅಮ್ಮನ ಗೋತ್ರ ಹೇಳಿ, ಹೆಸರು ಹೇಳಿ, ಎಳ್ಳು ನೀರು ಬಿಟ್ಟರು. ಅಪ್ಪ ಅಮ್ಮನ ಹೆಸರು ಹಿಡಿದು ಕರೆದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ, ಅಲ್ಲಿ ದಿನವೂ ಕೇಳಿದೆ. ಅವರ ದನಿ ನಡುಗಲಿಲ್ಲ. ನಾನು ಎರಡು ಮೆಟ್ಟಿಲು ಮೇಲೆ ಟವೆಲ್ಲು ಹಿಡಿದು ನಿಂತಿರುತ್ತಿದ್ದೆ. ಭಾಯ್ ಕೂಡ ಎರಡು ದಿನ ಬಂದು ದೂರದಲ್ಲಿ ಮರದ ಕೆಳಗೆ ನಿಂತಿದ್ದರು.

ಮೊದಲನೇ ತಿಂಗಳ ಮಾಸಿಕ ಶ್ರಾದ್ಧ ಬಂದದ್ದು ಶ್ರಾವಣದಲ್ಲಿ. ಬೆಳಗ್ಗೆ ಅದನ್ನು ಮನೆಯಲ್ಲೇ ಮುಗಿಸಿದೆವು. ರಜೆ ಹೆಚ್ಚು ಉಳಿದಿರಲಿಲ್ಲವಾದ್ದರಿಂದ ಮಧ್ಯಾಹ್ನದ ಒಂದು ಕ್ಲಾಸಿಗೆ ಹೋಗಿ ಬಂದೆ. ಬಂದಾಗ ಅಪ್ಪ ಕುರ್ಚಿಯಲ್ಲಿರಲಿಲ್ಲ. ಕೋಣೆಯಲ್ಲಿಲ್ಲ, ಹಿತ್ತಿಲಲ್ಲಿಲ್ಲ. ಆ ದಿನಗಳಲ್ಲಿ ನನಗೆ ಸಣ್ಣದಕ್ಕೂ ಗಾಬರಿ, ಚಪ್ಪಲಿಯನ್ನೂ ಬಿಡದೆ ಮೆಟ್ಟಿಲು ಹತ್ತಿ ಮೇಲೆ ಓಡಿದೆ.

ಅಪ್ಪ ಪಡುವಣಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂತಿದ್ದರು. ಎದುರಿಗೆ ಪಂಚಪಾತ್ರೆ, ತಟ್ಟೆಯ ತುಂಬ ನೀರು. ಆಕಾಶವೆಲ್ಲ ದಟ್ಟ ಮೋಡ, ಸೂರ್ಯ ಇದ್ದಾನೋ ಇಲ್ಲವೋ, ಸಂದಿಯಲ್ಲೂ ಇಲ್ಲ, ಎಲ್ಲೂ ಇಲ್ಲ. ಅರ್ಘ್ಯ ಮುಗಿದಿತ್ತು, ಜಪ ನಡೆದಿತ್ತು. ನಾನು ಬಾಗಿಲ ಹತ್ತಿರವೇ ನಿಂತೆ. ಜಪ ಮುಗಿಸಿ ಅಪ್ಪ ಕಣ್ಣು ಬಿಟ್ಟರು, ನನ್ನನ್ನು ನೋಡಿದರು.

"ಹೊತ್ತು ಸರಿಯಿತ್ತೋ ಇಲ್ವೋ ಗೊತ್ತಿಲ್ಲ" ಅಂದರು. "ಗಡಿಯಾರ ನೋಡ್ಲಿಲ್ಲ."

ನನ್ನ ಕೈಗಡಿಯಾರವನ್ನು ನಾನೂ ನೋಡಲಿಲ್ಲ.

"ಬೆಳಗ್ಗೆ ನಿಮ್ಮಮ್ಮನಿಗೆ ನೀರು ಬಿಟ್ಟೆನಲ್ಲ. ಅವಳಿಲ್ಲ ಅಂತ ನಂಗೆ ಗೊತ್ತಿಲ್ವಾ? 'ಇದ್ದೀಯಾ' ಅಂತ ಕೇಳಿ ಬಿಟ್ಟೆನಾ? ಇಲ್ಲ ಅಂತ ಗೊತ್ತಿದ್ದೇ ಹೆಸರು ಹೇಳಿ ಕರೆದೆ." ಅಪ್ಪ ತಟ್ಟೆಯ ನೀರನ್ನು ನೋಡಿದರು, ಆಮೇಲೆ ಪಡುವಣದ ಮೋಡದ ಕಡೆ ಕೈ ತೋರಿಸಿದರು. "ಅವಳಿಗೆ ಇಲ್ಲದಿದ್ರೂ ಕೊಟ್ಟವನು ಇವನಿಗೆ ಇದ್ರೆ ಮಾತ್ರ ಕೊಡ್ತೀನಿ ಅಂದ್ರೆ ಯಾವ ನ್ಯಾಯ?"

ಆಮೇಲೆ ಅಂದರು: "ಇದು ಅವಳಿದ್ದಾಗಲೇ ಹೊಳೀಬೇಕಿತ್ತು ಕಣಮ್ಮ. ದಿನಾ ಕೇಳ್ತಿದ್ಲು. ದಿನಾ ನಾಳೆ ಅಂದೆ."

ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತು ಜೋರಾಗಿಯೇ ಅತ್ತೆ. ಅಪ್ಪ ಸುಮ್ಮನಿರು ಅನ್ನಲಿಲ್ಲ.